ದೊಡ್ಡ ಚಕ್ರಗಳ ಅಂಕಪಟ್ಟಿ

ಫೆಬ್ರವರಿ ೩, ಸೋಮವಾರ

ಶಬ್ದಕೋಶದ ಮೂರನೆಯ ಸಂಪುಟವನ್ನು ಮೇಲಿನ ಹಲಗೆಯಿಂದ ತೆಗೆಯಲು ಹೋಗಿ ಸ್ಟೂಲಿನಿಂದ ಬಿದ್ದು ಇಂದಿಗೆ ಹನ್ನೆರಡು ದಿನ. ಮೂಳೆ ಮುರಿದಿಲ್ಲ, ಸೊಂಟ ಹಿಡಿದಿದೆ. ಬಗ್ಗಿ ಕುಳಿತು ಓದಬಾರದೆಂದು ವೈದ್ಯರ ಅಪ್ಪಣೆ. ನಿಂತು ಬರೆಯಬಾರದೆಂದು ಅವರು ಹೇಳದೆ ಇರುವುದರಿಂದ, ಹಜಾರದ ಕಪಾಟಿನ ಮೇಲೆ ಈ ಪುಸ್ತಕವನ್ನಿಟ್ಟು, ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದ ಭಂಗಿಯಲ್ಲಿ ನಿಂತು ಬರೆಯುತ್ತಿದ್ದೇನೆ.

ಇಂದಿನಿಂದ ನಾಲ್ಕು ವಾರ, ಭಾನುವಾರ ಬಿಟ್ಟು ಪ್ರತಿದಿನ ಹತ್ತು ಗಂಟೆಗೆ ವ್ಯಾಯಾಮ ಚಿಕಿತ್ಸೆ. ಚಿಕಿತ್ಸಾಲಯ ಆರು ಕಿಲೋಮೀಟರು ದೂರದಲ್ಲಿದೆ. ಮಗಳು ತಾನೇ ಕರೆದೊಯ್ಯುತ್ತೇನೆಂದಾಗ ಸಾಧಾರಣವಾದ ಕಾರೊಂದನ್ನು ತರುವಳೆಂದು ನಂಬಿದ್ದೆ. ಬಾಗಿಲಿಗೆ ಬಂದು ನಿಂತದ್ದು ಹಳದಿ ಬಣ್ಣದ ಸ್ಪೋರ್ಟ್ಸ್ ಕಾರು. ಎರಡೇ ಆಸನ. ಮಾಡು ನನ್ನ ಎದೆಯ ಮಟ್ಟಕ್ಕೆ. ಚಕ್ರಗಳು ಮಾತ್ರ ಆ ಮೈಗೆ ಒಪ್ಪದಷ್ಟು ದೊಡ್ಡವು.

ಇದರಲ್ಲಿ ಕೂರುವುದು ಹೇಗೆಂದು ಕೇಳಿದೆ.

“ಕೂರೋದಲ್ಲ ಅಪ್ಪ, ಇಳಿಯೋದು. ಮೊದಲು ಸೊಂಟ, ಆಮೇಲೆ ತಲೆ, ಕೊನೇಲಿ ಕಾಲು.”

ಬಾವಿಗೆ ಇಳಿದಂತೆ ಇಳಿದೆ. ಅದಕ್ಕೆ ನಾಲ್ಕು ನಿಮಿಷ ಹಿಡಿಯಿತು. ಆಮೇಲಿನ ಆರು ಕಿಲೋಮೀಟರಿನಲ್ಲಿ ರಸ್ತೆಯ ಒಂದೊಂದು ಕಲ್ಲೂ ತನ್ನ ಹೆಸರು ಹೇಳಿಕೊಂಡು ನನ್ನ ಬೆನ್ನಿಗೆ ಪರಿಚಯವಾಯಿತು. ಹಿಂದಿರುಗುವಾಗ ಇದನ್ನು ಮಗಳಿಗೆ ತಿಳಿಸಿದೆ. ತನಗೂ ಗೊತ್ತು, ಅದಕ್ಕೆಂದೇ ನನ್ನನ್ನು ಕೂರಿಸಿಕೊಂಡದ್ದು ಎಂದಳು.

ಫೆಬ್ರವರಿ ೪, ಮಂಗಳವಾರ

ವಿಷಯ ಇಷ್ಟು. ಕಾರು ಒಬ್ಬ ದಂತವೈದ್ಯರದು. ಅಂದಕ್ಕಾಗಿ ಅವರು ಹದಿನಾರು ಅಂಗುಲದ ಚಕ್ರಗಳನ್ನು ತೆಗೆಸಿ ಹದಿನೆಂಟು ಅಂಗುಲದವನ್ನು ಹಾಕಿಸಿದ್ದಾರೆ. ಚಕ್ರ ದೊಡ್ಡದಾದಷ್ಟೂ ಅದರ ಸುತ್ತಣ ರಬ್ಬರು ತೆಳುವಾಗಬೇಕು. ಇಲ್ಲದಿದ್ದರೆ ಮಡ್‌ಗಾರ್ಡಿನೊಳಗೆ ಹಿಡಿಸದು. ರಬ್ಬರು ತೆಳುವಾದರೆ ಗಾಳಿಯ ಮೆತ್ತೆಯೂ ತೆಳು. ಸಾಲದ್ದಕ್ಕೆ ಚಕ್ರದ ತೂಕವೂ ಹೆಚ್ಚು. ಮಗಳ ಮಾತಿನಲ್ಲಿ ಹೇಳುವುದಾದರೆ, ಬರಿಗಾಲಲ್ಲಿ ಓಡುವವನಿಗೆ ದಪ್ಪ ಅಟ್ಟೆಯ ಬೂಟು ತೊಡಿಸಿದಂತೆ: ಎತ್ತಿದ ಕಾಲು ಬೇಗ ಇಳಿಯದು, ಇಳಿದ ಕಾಲು ಬೇಗ ಏಳದು. ಸ್ಪ್ರಿಂಗೂ ಅದರೊಳಗಿನ ಆಘಾತಶಾಮಕವೂ ಹಳೆಯ ಹಗುರ ಚಕ್ರಕ್ಕೆಂದು ಮಾಡಿದವು. ಈ ಭಾರವನ್ನು ಹಿಡಿದು ನಿಲ್ಲಿಸಲಾರದೆ ಕಾರು ಕುಪ್ಪಳಿಸುತ್ತದೆ. (‘ಆಘಾತಶಾಮಕ’ ಎಂದಾಗ ಮಗಳು ನಕ್ಕಳು. ಜನ ‘ಶಾಕ್ ಅಬ್ಸಾರ್ಬರ್’ ಎನ್ನುತ್ತಾರಂತೆ. ಜನ ಎನ್ನುವುದೆಲ್ಲವನ್ನೂ ನಾನು ಎನ್ನಬೇಕಾಗಿಲ್ಲ.)

ಮಗಳು ಒಂಬತ್ತು ವರ್ಷ ದೊಡ್ಡದೊಂದು ಸರ್ವಿಸ್ ಸೆಂಟರಿನಲ್ಲಿ ದುಡಿದು, ನಾಲ್ಕು ತಿಂಗಳ ಹಿಂದೆ ಎರಡು ಬೀದಿಗಳಾಚೆ ಮುಚ್ಚಿದ್ದ ಛಾಪಖಾನೆಯೊಂದರಲ್ಲಿ ತನ್ನದೇ ಗ್ಯಾರೇಜು ತೆರೆದಳು. ಭೌತಶಾಸ್ತ್ರದಲ್ಲಿ ಮೊದಲ ದರ್ಜೆ ಪಡೆದವಳು ಪಾಠ ಹೇಳುವಳೆಂದು ನಾನು ಎಣಿಸಿದ್ದೆ. ಆ ಗ್ಯಾರೇಜಿಗೆ ನಾನು ಹೋಗಿಲ್ಲ.

ದಂತವೈದ್ಯರು ಇಂಥ ಕಾರುಗಳ ಕ್ಲಬ್ಬೊಂದರ ಕಾರ್ಯದರ್ಶಿ. ಅಲ್ಲಿ ಇಪ್ಪತ್ತೆರಡು ಕಾರುಗಳಿವೆ. ಮಾರ್ಚ್ ಒಂದರೊಳಗೆ ತಮ್ಮ ಕಾರು ನೆಟ್ಟಗೆ ಓಡಿದರೆ ಎಲ್ಲವೂ ಇನ್ನು ಮಗಳ ಕೈಗೆ ಎಂದು ಮಾತು ಕೊಟ್ಟಿದ್ದಾರೆ. ಎಷ್ಟು ಬೇಕಾದರೂ ಓಡಿಸಿ, ಕೆಟ್ಟ ರಸ್ತೆಯಲ್ಲೇ ಓಡಿಸಿ ಎಂದೂ ಹೇಳಿದ್ದಾರೆ. ಆಗದಿದ್ದರೆ ಅವಳು ಷಟರ್ ಎಳೆದು ಹಳೆಯ ಕೆಲಸದ ಬಾಗಿಲು ತಟ್ಟಬೇಕು. ಇದನ್ನು ಅವಳು ಹೇಳಲಿಲ್ಲ, ಅವಳ ತಾಯಿ ಹೇಳಿದಳು.

ಫೆಬ್ರವರಿ ೫, ಬುಧವಾರ

‘ತುಂಬಾ ಕುಲುಕುತ್ತದೆ’, ‘ಸ್ವಲ್ಪ ಕುಲುಕುತ್ತದೆ’ ಎಂಬ ಮಾತುಗಳಿಂದ ಯಾರಿಗೂ ಉಪಯೋಗವಿಲ್ಲ. ಆದ್ದರಿಂದ ಇಂದು ಒಂದು ಪದ್ಧತಿ ಗೊತ್ತುಮಾಡಿದೆ. ಮಾರುಕಟ್ಟೆಯ ಹಿಂದಿನ ಹೊಂಡಗಳಿಗೆ ಇಪ್ಪತ್ತೈದು ಅಂಕ, ರೈಲ್ವೆ ಗೇಟಿಗೂ ರಸ್ತೆಯುಬ್ಬುಗಳಿಗೂ ಸೇರಿ ಇಪ್ಪತ್ತೈದು, ತಿರುವುಗಳಿಗೆ ಇಪ್ಪತ್ತೈದು, ಸೇತುವೆಯಾಚೆಯ ನೇರ ರಸ್ತೆಗೆ ಇಪ್ಪತ್ತೈದು. ಇದಕ್ಕೆಂದು ಕಾರಿನಲ್ಲೇ ಇಡುವ ಬೇರೊಂದು ಅಂಕದ ಪುಸ್ತಕ, ಕೆಂಪು ಶಾಯಿ. ಮೊತ್ತದ ಅರ್ಧ ಅಂಕವನ್ನು ಕಳೆಯಲಾಗುವುದು, ಸೇರಿಸಲಾಗುವುದಿಲ್ಲ. ಮಗಳು ಆಘಾತಶಾಮಕದ ಬಿಗಿ ಹೊಂದಿಸುವ ತಿರುಪನ್ನು ದಿನಕ್ಕೆ ಎರಡೆರಡು ಹಲ್ಲು ತಿರುಗಿಸಿ ನೋಡುವಳು. ನಾನು ಬೆನ್ನು ಕೇಳಿ ಬರೆಯುವೆ.

ಇಂದು ೩೧. ಅನುತ್ತೀರ್ಣ.

ಫೆಬ್ರವರಿ ೧೦, ಸೋಮವಾರ

ಅವಳು ತಿರುಪನ್ನು ಸಡಿಲಿಸುತ್ತ ಬಂದಿದ್ದಾಳೆ. ೩೩, ೩೪, ೩೬, ಇಂದು ೩೮. ಪ್ರಗತಿ ನಿಧಾನ, ಆದರೆ ಪ್ರಾಮಾಣಿಕ. ಬಲಕ್ಕೆ ಪೂರ್ತಿ ತಿರುಗಿದಾಗ ಟಯರು ಮಡ್‌ಗಾರ್ಡಿನ ಒಳಗೆ ಉಜ್ಜಿ ಕೊರಕ್ ಎನ್ನುತ್ತಿತ್ತು, ಮಗಳು ಅದರ ಅಂಚನ್ನು ಮಡಿಸಿದ್ದರಿಂದ ಇಂದು ಎನ್ನಲಿಲ್ಲ. ತಿರುವಿಗೆ ಎರಡು ಅಂಕ ಹೆಚ್ಚಿಸಿದೆ.

ಚಿಕಿತ್ಸಕಿ ಕೊಂಚ ಗದರುವ ಸ್ವಭಾವದವಳು. ನಾನು ಹಲಗೆಯಂತೆ ಬಿಗಿದುಕೊಳ್ಳುತ್ತೇನಂತೆ. ನೋವು ಬರುವ ಮೊದಲೇ ನೋವಿಗೆ ನಮಸ್ಕಾರ ಹಾಕುತ್ತೀರಿ ಎಂದಳು. ವಾಕ್ಯ ಚೆನ್ನಾಗಿತ್ತು.

ಫೆಬ್ರವರಿ ೧೨, ಬುಧವಾರ

ನೋವು. ೩೭.

ಫೆಬ್ರವರಿ ೧೩, ಗುರುವಾರ

ನಿನ್ನೆಯ ರೈಲ್ವೆ ಗೇಟು ಇಂದು ಮುಂಜಾನೆಯವರೆಗೂ ಬೆನ್ನಿನಲ್ಲಿ ಉಳಿದಿತ್ತು. ಸೋಫಾದ ಮೇಲೆ ಎರಡಂಗುಲ ದಪ್ಪದ ಕಂದು ಬಣ್ಣದ ದಿಂಬೊಂದಿದೆ. ಕಾರಿನ ಆಸನವೂ ಕಂದು. ಮಗಳು ತಾಯಿಯೊಡನೆ ಮಾತಾಡುತ್ತಿದ್ದಾಗ ಅದನ್ನು ಕೋಟಿನೊಳಗೆ ಸೇರಿಸಿಕೊಂಡು ಹೋಗಿ, ಮೊದಲೇ ಕಾರಿಗಿಳಿದು, ಅದರ ಮೇಲೆ ಕುಳಿತು ಕೋಟನ್ನು ಹರಡಿದೆ.

ಇದನ್ನು ಮೋಸವೆನ್ನಲಾಗದು. ರೋಗಿಗೆ ದಿಂಬಿನ ಹಕ್ಕಿದೆ. ಹೇಳಬಹುದಿತ್ತು, ನಿಜ; ಆದರೆ ‘ಅಪ್ಪನಿಗೆ ತಡೆಯಲಾಗಲಿಲ್ಲ’ ಎಂದು ಅವಳು ಬಾಡಿಗೆ ಕಾರೊಂದನ್ನು ಗೊತ್ತುಮಾಡಿದರೆ ಅಂಕ ಕೊಡುವವರು ಯಾರು?

ಇಂದು ಅವಳು ತಿರುಪನ್ನು ಹಿಂದಕ್ಕೆ, ಬಿಗಿಯುವ ದಿಕ್ಕಿಗೆ ತಿರುಗಿಸಿ ನೋಡಿದ್ದಳು. ೪೯.

ಫೆಬ್ರವರಿ ೧೭, ಸೋಮವಾರ

೫೬. ಮಗಳು ಹಾಡು ಗುನುಗುತ್ತ ಕಾರು ಓಡಿಸಿದಳು. ಇಷ್ಟು ದಿನ ಸಡಿಲಿಸುತ್ತಿದ್ದುದೇ ತಪ್ಪಾಯಿತು, ಬಿಗಿಮಾಡಿದಷ್ಟೂ ಅಂಕ ಏರುತ್ತಿದೆ ಎಂದಳು. ಅಂಕಗಳು ಏರುತ್ತಿರುವುದು ನಿಜ.

ಮನೆಯಲ್ಲಿ ಇವಳು, ನನ್ನ ಹೆಂಡತಿ, ಸೋಫಾದ ದಿಂಬು ದಿನಾ ಒಂಬತ್ತೂವರೆಗೆ ಎಲ್ಲಿಗೆ ಹೋಗುತ್ತದೆ, ಹನ್ನೆರಡಕ್ಕೆ ಹೇಗೆ ಬರುತ್ತದೆ ಎಂದು ನನ್ನನ್ನಲ್ಲ, ದಿಂಬನ್ನೇ ಕೇಳಿದಳು. ನಾನು ಪತ್ರಿಕೆ ಓದುತ್ತಿದ್ದೆ.

ಫೆಬ್ರವರಿ ೧೯, ಬುಧವಾರ

೫೯. ಬರೆಯಲು ಮನಸ್ಸಿಲ್ಲ.

ಫೆಬ್ರವರಿ ೨೦, ಗುರುವಾರ

ಇಂದು ೬೧. ಹಿಂದಿರುಗುವ ದಾರಿಯಲ್ಲಿ ಮಗಳು ಹೇಳಿದಳು: ದಾರಿ ಸ್ಪಷ್ಟವಾಯಿತು, ತಿರುಪಿನಲ್ಲಿ ಇನ್ನು ಬಿಗಿ ಉಳಿದಿಲ್ಲ, ಗಟ್ಟಿ ಸ್ಪ್ರಿಂಗುಗಳನ್ನೇ ಹಾಕುವುದು. ಈ ಕಾರಿನ ಅಳತೆಗೆ ಸುತ್ತಿಸಬೇಕಾದ ಸ್ಪ್ರಿಂಗು. ಒಮ್ಮೆ ಸುತ್ತಿಸಿದರೆ ಹಿಂದಕ್ಕೆ ಪಡೆಯುವುದಿಲ್ಲ. ಇಂದೇ ಮಧ್ಯಾಹ್ನ ಹೇಳಿಕಳಿಸುತ್ತೇನೆ ಎಂದಳು.

ನನ್ನನ್ನು ಇಳಿಸಿ ಹೋದಳು. ದಿಂಬನ್ನು ಕೋಟಿನೊಳಗಿಟ್ಟುಕೊಂಡು ಹಜಾರಕ್ಕೆ ಬಂದರೆ ಇವಳು ಸೋಫಾದ ಮೇಲೆ, ದಿಂಬಿಲ್ಲದ ಜಾಗದಲ್ಲಿಯೇ ಕುಳಿತಿದ್ದಾಳೆ.

“ಮೂವತ್ತೆಂಟು ವರ್ಷ ಪರೀಕ್ಷೇಲಿ ಊರವರ ಮಕ್ಕಳ ಜೇಬು ತಡಕಿದೋರು ನೀವು. ಈಗ ನಾನು ನಿಮ್ಮ ಕೋಟು ತಡಕಬೇಕೇನ್ರೀ?”

ಆ ಕ್ಷಣದಲ್ಲಿ ಎಲ್ಲವೂ ಕಣ್ಣಿಗೆ ಕಟ್ಟಿತು. ಏರಿದ್ದು ಕಾರಿನ ಅಂಕವಲ್ಲ, ದಿಂಬಿನ ಅಂಕ. ನನ್ನ ಕೆಂಪು ಶಾಯಿಯನ್ನು ನಂಬಿ ಮಗಳು ತಪ್ಪು ದಿಕ್ಕಿಗೆ ಏಳು ದಿನ ನಡೆದಿದ್ದಾಳೆ. ದಿಂಬನ್ನು ಕಂಕುಳಲ್ಲಿ ಹಿಡಿದು ಹೊರಟೆ. ಎರಡು ಬೀದಿ ದಾಟಿ ಗ್ಯಾರೇಜು ತಲುಪಿದಾಗ ಅವಳ ಕೈಯಲ್ಲಿ ಫೋನಿತ್ತು.

ನಿಲ್ಲಿಸು ಎಂದೆ. ದಿಂಬನ್ನು ಅವಳ ಮೇಜಿನ ಮೇಲಿಟ್ಟೆ. ಯಾವ ತಾರೀಖಿನಿಂದ, ಎಲ್ಲಿಟ್ಟು, ಹೇಗೆ ಮುಚ್ಚಿ ಎಂಬುದನ್ನು ಕ್ರಮವಾಗಿ ಒಪ್ಪಿಸಿದೆ. ಅವಳು ಒಮ್ಮೆ ದಿಂಬನ್ನೂ ಒಮ್ಮೆ ನನ್ನನ್ನೂ ನೋಡಿದಳು.

“ಅಪ್ಪ, ನೀವು ಕಾಪಿ ಹೊಡೆದ್ರಾ?”

“ಹೌದು.”

ಅವಳು ಪಕ್ಕದಲ್ಲಿದ್ದ ಟಯರಿನ ಮೇಲೆ ಕುಸಿದು ಕುಳಿತು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಗು ನಿಂತ ಮೇಲೆ ಗೋಡೆಯ ಕ್ಯಾಲೆಂಡರನ್ನು ನೋಡಿದಳು. ಆಗ ಅವಳ ಮುಖ ಚಿಕ್ಕದಾಯಿತು. ಒಂಬತ್ತು ದಿನ ಉಳಿದಿದೆ. ಅಂಕದ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಆ ಏಳು ದಿನಗಳನ್ನು ನಾನೇ ಹೊಡೆದುಹಾಕಬೇಕೆಂದಳು. ಹೊಡೆದುಹಾಕಿದೆ. ಪರೀಕ್ಷೆಯಲ್ಲಿ ನಕಲು ಮಾಡಿದವನ ಉತ್ತರಪತ್ರಿಕೆಗೆ ಎಳೆಯುವ ಅಡ್ಡಗೆರೆಯನ್ನು ಸ್ವಂತ ಅಕ್ಷರಗಳ ಮೇಲೆ ಎಳೆಯುವುದು ಬೇರೆಯೇ ಅನುಭವ.

ಫೆಬ್ರವರಿ ೨೧, ಶುಕ್ರವಾರ

ದಿಂಬಿಲ್ಲದೆ, ಬಿಗಿದ ತಿರುಪಿನೊಡನೆ: ೨೭. ಇದುವರೆಗಿನ ಕನಿಷ್ಠ. ಮಗಳು ಇದೊಂದು ಒಳ್ಳೆಯ ಸುದ್ದಿ ಎಂಬಂತೆ ತಲೆಯಾಡಿಸಿದಳು. ಯಾವುದು ತಪ್ಪೆಂದು ಈಗ ಖಚಿತವಾಯಿತಂತೆ.

ಫೆಬ್ರವರಿ ೨೨, ಶನಿವಾರ

ಒಂದೇ ದಿನ ಒಂಬತ್ತು ಸುತ್ತು. ಸುತ್ತಿಗೊಮ್ಮೆ ಗ್ಯಾರೇಜು, ಎರಡು ಹಲ್ಲು ಸಡಿಲ, ಮತ್ತೆ ಹೊಂಡ, ಗೇಟು, ಸೇತುವೆ. ಚಿಕಿತ್ಸಕಿಯನ್ನು ಕೇಳಿಯೇ ಹೊರಟೆವು. ನೋವಾದರೆ ನಿಲ್ಲಿಸಿ ಎಂದಿದ್ದಳು.

ನಾಲ್ಕನೆಯ ಸುತ್ತಿನಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಗುಂಡಿ ಕಂಡೊಡನೆ ನಾನು ಮೈ ಬಿಗಿ ಹಿಡಿಯುತ್ತೇನೆ. ಹಿಡಿದಾಗ ಬರುವ ಪೆಟ್ಟು ಕಾರಿನದೋ ನನ್ನದೋ ತಿಳಿಯುವುದಿಲ್ಲ. ಮೌಲ್ಯಮಾಪನ ಶುದ್ಧವಾಗಬೇಕಾದರೆ ಮೈಯನ್ನು ಸುಮ್ಮನೆ ಬಿಡಬೇಕು. ಬಿಟ್ಟೆ. ಆಮೇಲೆ ಎಲ್ಲವೂ ಬೇರೆ ಬೇರೆಯಾಗಿ ಕೇಳಿಸಿತು: ಮುಂದಿನ ಎಡ ಚಕ್ರ ಹೊಂಡಕ್ಕೆ ಇಳಿದದ್ದು, ಏಳಲು ತಡಮಾಡಿದ್ದು, ಎದ್ದ ಮೇಲೆ ಒಮ್ಮೆ ಹೆಚ್ಚಾಗಿ ಕುಣಿದದ್ದು. ಇದನ್ನು ಹೇಳಿದಾಗ ಮಗಳು ರಸ್ತೆಯ ಬದಿಗೆ ಕಾರು ನಿಲ್ಲಿಸಿ, ಇನ್ನೊಮ್ಮೆ ಹೇಳಿ ಎಂದು ಬರೆದುಕೊಂಡಳು. ಇಳಿಯುವುದಕ್ಕೂ ಏಳುವುದಕ್ಕೂ ಬೇರೆ ಬೇರೆ ತಿರುಪುಗಳಿವೆಯಂತೆ. ಅವಳು ಎರಡನ್ನೂ ಒಟ್ಟಿಗೇ ತಿರುಗಿಸುತ್ತಿದ್ದಳಂತೆ.

ಒಂಬತ್ತನೆಯ ಸುತ್ತು: ೫೫. ದಿಂಬಿಲ್ಲದ ಐವತ್ತೈದು.

ಫೆಬ್ರವರಿ ೨೬, ಬುಧವಾರ

೬೨, ೬೮, ೭೧. ಚಿಕಿತ್ಸಕಿ ಇಂದು ಬೆನ್ನು ಮುಟ್ಟಿ ನೋಡಿ, ಮನೆಯಲ್ಲಿ ಏನು ಹೊಸ ವ್ಯಾಯಾಮ ಮಾಡುತ್ತಿದ್ದೀರಿ ಎಂದು ಕೇಳಿದಳು. ಏನೂ ಇಲ್ಲ, ಕಾರಿನಲ್ಲಿ ಕೂರುತ್ತೇನಷ್ಟೆ ಎಂದೆ. ನಂಬಲಿಲ್ಲ.

ಮಧ್ಯಾಹ್ನವೆಲ್ಲ ಗ್ಯಾರೇಜಿನಲ್ಲಿದ್ದೆ. ಅಚ್ಚುಮೊಳೆಗಳನ್ನಿಡುತ್ತಿದ್ದ ಹಳೆಯ ಗೂಡುಗಳಲ್ಲಿ ಈಗ ನಟ್ಟು ಬೋಲ್ಟುಗಳು ಅಳತೆಯ ಪ್ರಕಾರ ಮಲಗಿವೆ. ಎಲ್ಲ ಗೂಡಿಗೂ ಚೀಟಿ. ಒಂದೂ ಕಾಗುಣಿತದ ತಪ್ಪಿಲ್ಲ. ನೋಡಲೆಂದೇ ಎಲ್ಲವನ್ನೂ ಓದಿದೆ.

ಫೆಬ್ರವರಿ ೨೭, ಗುರುವಾರ

೭೧. ಏನು ಮಾಡಿದರೂ ೭೧. ಮಗಳು ಹಳೆಯ ಚಕ್ರವೊಂದನ್ನೂ ಹೊಸದೊಂದನ್ನೂ ತಕ್ಕಡಿಗಿಟ್ಟು ತೋರಿಸಿದಳು: ಹದಿನಾರು ಕಿಲೋ, ಹತ್ತೊಂಬತ್ತೂವರೆ ಕಿಲೋ. ಈ ಮೂರೂವರೆ ಕಿಲೋವನ್ನು ಯಾವ ತಿರುಪೂ ಕರಗಿಸದು. ಒಂದೇ ಒಂದಂಗುಲ ಕಡಿಮೆ ಮಾಡಿ, ಹದಿನೇಳರ ಹಗುರ ಚಕ್ರಕ್ಕೆ ದಪ್ಪ ಟಯರು ಹಾಕಿದರೆ ಸರಿಹೋಗುತ್ತದೆ. ಆದರೆ ದಂತವೈದ್ಯರು ಆಸೆಪಟ್ಟು ಕೊಂಡ ಚಕ್ರ ಅದು.

“ಚಕ್ರ ತೆಗೀರಿ ಅಂದ್ರೆ ಅವರು ಕಾರೂ ತೆಗೀತಾರೆ ಅಪ್ಪ. ಎಪ್ಪತ್ತೊಂದಕ್ಕೇ ಸುಮ್ಮನಿದ್ದು ಬಿಡ್ಲಾ?”

ನನ್ನನ್ನು ಕೇಳಬೇಡ, ನಾನು ದಿಂಬಿನವನು ಎಂದೆ. ಅವಳು ಹಳೆಯ ಸಹೋದ್ಯೋಗಿಯೊಬ್ಬಳಿಗೆ ಫೋನು ಮಾಡಿ ಹದಿನೇಳರ ನಾಲ್ಕು ಚಕ್ರಗಳನ್ನು ಎರವಲು ಕೇಳಿದಳು.

ಫೆಬ್ರವರಿ ೨೮, ಶುಕ್ರವಾರ

ಹದಿನೇಳರ ಚಕ್ರ, ಮರುಹೊಂದಿಸಿದ ತಿರುಪು: ೮೪.

ನನ್ನ ವೃತ್ತಿಜೀವನದಲ್ಲಿ ೮೪ ಕೊಟ್ಟದ್ದು ಎರಡೇ ಸಲ. ಖಚಿತಪಡಿಸಿಕೊಳ್ಳಲು ಮತ್ತೊಮ್ಮೆ ಓಡಿಸಲು ಹೇಳಿದೆ. ೮೪. ಮೂರನೆಯ ಬಾರಿ ಓಡಿಸಲು ಹೇಳಿದ್ದಕ್ಕೆ ಕಾರಣವಿರಲಿಲ್ಲ.

ಮಾರ್ಚ್ ೧, ಶನಿವಾರ

ದಂತವೈದ್ಯರು ಮೂರು ಗಂಟೆಗೆ ಬಂದರು. ದುಂಡಗಿನ, ಗೆಲುವಿನ ಮನುಷ್ಯ. ಮಾತಾಡುವಾಗ ಎದುರಿನವರ ಹಲ್ಲನ್ನು ನೋಡುತ್ತಾರೆ. ಮಗಳು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದಳು: ಈ ಚಕ್ರಗಳೊಡನೆ ಇಷ್ಟೇ ಸಾಧ್ಯ, ಇನ್ನೂ ಚೆನ್ನಾಗಬೇಕಾದರೆ ಒಂದಂಗುಲ ಇಳಿಯಬೇಕು, ಎರಡನ್ನೂ ನೀವೇ ಓಡಿಸಿ ನೋಡಿ. ಅವರ ಗೆಲುವು ಅರ್ಧಕ್ಕೆ ಇಳಿಯಿತು.

ಕಾರಿನಲ್ಲಿ ಎರಡೇ ಆಸನ. ಅವರು ನನ್ನನ್ನು ಕರೆದರು. ಮಗಳು ಷಟರಿನ ಕೆಳಗೆ ನಿಂತಳು. ಕೈ ಒರೆಸುವ ಬಟ್ಟೆಯಲ್ಲಿ ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತಿದ್ದಳು.

ಮೊದಲು ದೊಡ್ಡ ಚಕ್ರ. ಹೊಂಡಗಳನ್ನು ದಾಟಿದ ಮೇಲೆ ಅವರು ಪರವಾಗಿಲ್ಲವಲ್ಲ, ಎಷ್ಟೋ ಸುಧಾರಿಸಿದೆಯಲ್ಲ ಎಂದರು. ಇಷ್ಟಕ್ಕೇ ಒಪ್ಪಿಬಿಡುತ್ತಾರೇನೋ ಎನ್ನಿಸಿತು. ಒಪ್ಪಿದರೆ ಇಪ್ಪತ್ತೆರಡು ಕಾರುಗಳೂ ಬಂದಂತೆಯೇ.

“ಮೇಷ್ಟ್ರೇ, ಮಗಳು ಅನ್ನೋದನ್ನ ಮರೆತು ಹೇಳಿ. ಇದಕ್ಕೆ ಎಷ್ಟು ಕೊಡ್ತೀರಿ?”

“ಎಪ್ಪತ್ತೊಂದು.”

“ಇನ್ನೊಂದಕ್ಕೆ?”

“ಎಂಬತ್ತನಾಲ್ಕು. ಅದನ್ನು ನೋಡದೆ ಇದನ್ನು ಒಪ್ಪಿದರೆ ನಿಮಗೆ ಅನ್ಯಾಯವಾಗುತ್ತದೆ.”

ಅವರು ತಿರುವಿನಲ್ಲಿ ಕಾರು ಹಿಂದಿರುಗಿಸಿದರು.

ಮಗಳು ನಾಲ್ಕು ಚಕ್ರಗಳನ್ನೂ ಬದಲಿಸಿ ತಿರುಪು ಹೊಂದಿಸಲು ಇಪ್ಪತ್ತೆರಡು ನಿಮಿಷ ತೆಗೆದುಕೊಂಡಳು. ಎರಡನೆಯ ಸುತ್ತಿನಲ್ಲಿ ದಂತವೈದ್ಯರು ಹೊಂಡಗಳನ್ನು ಹುಡುಕಿಕೊಂಡೇ ಓಡಿಸಿದರು. ರೈಲ್ವೆ ಗೇಟು ಹತ್ತಿರವಾದಾಗ ಅವರ ದವಡೆ ಬಿಗಿಯಿತು, ಹಳಿ ದಾಟಿದೆವು, ದವಡೆ ಬಿಗಿದೇ ಇತ್ತು. ಆಮೇಲೆ ನಿಧಾನವಾಗಿ ಬಾಯಿ ತೆರೆಯಿತು.

“ದಾಟಿ ಆಯ್ತಾ? ಎರಡು ತಿಂಗಳಿಂದ ಈ ಗೇಟಲ್ಲಿ ಹಲ್ಲು ಕಚ್ಕೊಂಡೇ ಹೋಗ್ತಿದ್ದೆ ಮೇಷ್ಟ್ರೇ. ಹಲ್ಲು ಕಚ್ಚಬೇಡಿ ಅಂತ ದಿನಾ ಜನಕ್ಕೆ ಹೇಳೋನು ನಾನು.”

ಅವರಾಗಿಯೇ ಹಿಂದಿರುಗಿ ಇನ್ನೆರಡು ಸಲ ಹಳಿ ದಾಟಿದರು. ಗೇಟು ಕಾಯುವವನು ಹೊರಬಂದು ನೋಡಿದ.

ಗ್ಯಾರೇಜಿಗೆ ಬಂದ ಮೇಲೆ ಅವರು ಬೀದಿಯ ಆಚೆ ಬದಿಗೆ ಹೋಗಿ, ಕೈಕಟ್ಟಿ ನಿಂತು, ಬಹಳ ಹೊತ್ತು ಕಾರನ್ನು ದಿಟ್ಟಿಸಿದರು. ಚಡ್ಡಿ ಗಿಡ್ಡವಾದಂತೆ ಕಾಣುತ್ತದೆ ಎಂದರು. ಹೌದು ಡಾಕ್ಟ್ರೇ, ಕಾಣುತ್ತದೆ ಎಂದಳು ಮಗಳು. ಇಲ್ಲವೆನ್ನಲಿಲ್ಲ. ಆ ‘ಹೌದು’ ಕೇಳಿ ಅವರು ನಕ್ಕರು.

“ಒಳಗೆ ಕೂತೋನಿಗೆ ಕಾಣಲ್ಲ ಬಿಡಿ. ಇದೇ ಇರಲಿ. ದೊಡ್ಡವನ್ನ ಮನೆಗೆ ಕಳಿಸಿ, ಗೋಡೆಗೆ ಒರಗಿಸಿ ನೋಡ್ತಾ ಕೂರ್ತೀನಿ.” ಆಮೇಲೆ ನನ್ನ ಅಂಕದ ಪುಸ್ತಕವನ್ನು ಭಾನುವಾರದ ಕ್ಲಬ್ಬಿಗೆ ಕಡ ಕೇಳಿದರು. ಹೊಡೆದುಹಾಕಿದ ಏಳು ದಿನಗಳು ಅದರಲ್ಲಿವೆ ಎಂದು ಹಿಂಜರಿದೆ. ಮಗಳು ಅವುಗಳ ಕಥೆಯನ್ನೂ ಅವರಿಗೆ ಹೇಳಿಯೇ ಕೊಟ್ಟಳು.

ಮಾರ್ಚ್ ೩, ಸೋಮವಾರ

ಕ್ಲಬ್ಬಿನಲ್ಲಿ ಪುಸ್ತಕವನ್ನು ಗಟ್ಟಿಯಾಗಿ ಓದಿದರಂತೆ. ದಿಂಬಿನ ಕಥೆಗೆ ಚಪ್ಪಾಳೆ ಬಿತ್ತಂತೆ. ಬಳಿಕ ಜಗಳ: ನಿನ್ನ ಕಾರಿಗೆ ನಲವತ್ತೂ ಬರದು, ನಿನ್ನದಕ್ಕೆ ಮೂವತ್ತೂ ಬರದು ಎಂದು. ಈ ತಿಂಗಳಿಗೆ ಒಂಬತ್ತು ಕಾರು, ಉಳಿದ ಹದಿಮೂರು ಮುಂದಿನ ತಿಂಗಳು. ಮಗಳು ಇದನ್ನು ಹೇಳಲು ಓಡಿಬಂದಳು. ಹೇಳುವ ಮೊದಲು ತಾಯಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಇಳಿಸೇ, ಗ್ರೀಸು ಹತ್ತುತ್ತೆ ಎಂದು ಇವಳು ಬೈಯುತ್ತಲೇ ಇನ್ನೊಂದು ಸುತ್ತು ತಿರುಗಿಸಿಕೊಂಡಳು.

ಹೊರಡುವಾಗ ಮಗಳು ಬಾಗಿಲಲ್ಲಿ ನಿಂತು ಕೇಳಿದಳು.

“ಕಾರಿಗೆ ಎಂಬತ್ತನಾಲ್ಕು. ನನಗೆ ಎಷ್ಟು ಅಪ್ಪ?”

ಮೌಲ್ಯಮಾಪಕನು ಸ್ವಂತ ಮಕ್ಕಳ ಉತ್ತರಪತ್ರಿಕೆಯನ್ನು ತಿದ್ದಬಾರದೆಂಬ ನಿಯಮವಿದೆ ಎಂದೆ. ಅವಳು ನಗುತ್ತ ಹೋದಳು. ನಿಯಮವಿರುವುದು ನಿಜ. ಅದು ಇರುವ ಕಾರಣವನ್ನು ಅವಳು ಕೇಳಲಿಲ್ಲ: ಅಂಥ ಸಂದರ್ಭದಲ್ಲಿ ಹೆಚ್ಚು ಕೊಡದೆ ಕೈ ತಡೆಯದು.

ಮಾರ್ಚ್ ೬, ಗುರುವಾರ

ಒಂಬತ್ತೂವರೆಗೆ ಕೋಟು ತೊಟ್ಟು ಗೇಟಿನ ಬಳಿ ನಿಂತಿದ್ದೆ. ಚಿಕಿತ್ಸೆ ಶನಿವಾರವೇ ಮುಗಿಯಿತಲ್ಲ, ಎಲ್ಲಿಗೆ ಹೊರಟಿರಿ ಎಂದು ಇವಳು ಒಳಗಿನಿಂದ ಕೇಳಿದಳು. ಕೋಟಿನ ಗುಂಡಿಗಳನ್ನು ಹಾಕಿಕೊಂಡೆ. ಅಷ್ಟರಲ್ಲಿ ನೀಲಿ ಕಾರೊಂದು ತಿರುವಿನಲ್ಲಿ ಕಾಣಿಸಿಕೊಂಡಿತು. ಚಕ್ರ ಹತ್ತೊಂಬತ್ತು ಅಂಗುಲ. ಮನುಷ್ಯನ ಆಸೆಗೆ ಅಳತೆಯಿಲ್ಲ. ಮಗಳು ಗಾಜು ಇಳಿಸಿದಳು.

“ಅಪ್ಪ, ಬೆನ್ನು ಖಾಲಿ ಇದೆಯಾ?”

ಹತ್ತಿ ಕುಳಿತೆ. ಹೊಂಡಕ್ಕೆ ಐದು. ಗೇಟಿಗೂ ಉಬ್ಬಿಗೂ ಸೇರಿ ಆರೂವರೆ. ತಿರುವಿಗೆ ಹನ್ನೊಂದು; ಮುಂದಿನ ಬಲ ಶಾಕ್ ಅಬ್ಸಾರ್ಬರು ಸತ್ತೇಹೋಗಿರಬೇಕು, ಆದರೆ ಎಂಥ ಸೊಗಸಾದ ಎಂಜಿನ್ ಸದ್ದು. ನೇರ ರಸ್ತೆ ಇನ್ನೂ ಬಾಕಿಯಿದೆ. ಸೇತುವೆಗೆ ಮೊದಲು ಮಗಳು ಪೆಟ್ರೋಲು ಹಾಕಿಸಲು ಇಳಿದಿದ್ದಾಳೆ. ಕೋಟಿನಲ್ಲಿಟ್ಟುಕೊಂಡು ಬಂದ ಈ ದಿನಚರಿಯನ್ನು ಮೊಣಕಾಲ ಮೇಲಿಟ್ಟು ಇದನ್ನು ಬರೆಯುತ್ತಿದ್ದೇನೆ.

ಬಂದಳು. ಬೆಲ್ಟು ಹಾಕಿಕೊಳ್ಳಬೇಕು.